ಅಟ್ಟದಿಂದಿಳಿದ ಗಿಟಾರಿಗೆ ಮತ್ತೆ ದನಿ: ಹಳೆಯ ಅಕೌಸ್ಟಿಕ್-ಎಲೆಕ್ಟ್ರಿಕ್ ಗಿಟಾರನ್ನು ಮನೆಯಲ್ಲೇ ಸರಿಪಡಿಸುವ ಕ್ರಮ

ಸಾಗರದ ಅಕ್ಕನ ಮನೆಯ ಅಟ್ಟದಲ್ಲಿ ಭಾವನ ಗಿಟಾರ್ ಹದಿನೈದು ಮಳೆಗಾಲ ಕಳೆದಿತ್ತು. ಕಳೆದ ದೀಪಾವಳಿಗೆ ಹೋದಾಗ ಅಡಕೆ ಗೋಣಿಗಳ ಹಿಂದಿನಿಂದ ಅದನ್ನು ಇಳಿಸಿದೆವು. ಚೀಲಕ್ಕೆ ಬೂಷ್ಟು ಹಿಡಿದಿತ್ತು. ತಂತಿಗಳಿಗೆ ತುಕ್ಕು ಹತ್ತಿ, ಒತ್ತಿದರೆ ಬೆರಳು ಕೊಯ್ಯುವಷ್ಟು ಎತ್ತರಕ್ಕೆ ಎದ್ದಿದ್ದವು. ಪಕ್ಕೆಯಲ್ಲಿ ಪುಟ್ಟ ಜಾರುಗುಂಡಿಗಳ ಪ್ರೀಆಂಪ್ (ಗಿಟಾರಿನ ಸಂಕೇತಕ್ಕೆ ಬಲ ಕೊಡುವ ಭಾಗ) ಇತ್ತು, ಆದರೆ ಕೇಬಲ್ ಚುಚ್ಚಿದರೆ ಆಂಪ್ಲಿಫೈಯರ್‌ನಲ್ಲಿ ಉಸಿರೇ ಇಲ್ಲ. "ಇದಿನ್ನು ಬಚ್ಚಲೊಲೆಗೇ ಸೈ ಮಾರಾಯ" ಎಂದರು ಭಾವ. ಕೇಳದೆ ಹೊತ್ತುಕೊಂಡು ಬೆಂಗಳೂರಿಗೆ ತಂದೆ. ಮೂರು ವಾರಾಂತ್ಯ ಹಿಡಿಯಿತು, ಈಗ ಚೆನ್ನಾಗಿ ನುಡಿಯುತ್ತಿದೆ.

ಇಂಥ ಗಿಟಾರ್ ಎಷ್ಟೋ ಮನೆಗಳಲ್ಲಿವೆ. ತಂತಿ ಎತ್ತರವಾಗಿದೆ, ಪ್ಲಗ್ ಹಾಕಿದರೆ ಸದ್ದಿಲ್ಲ ಎಂಬ ಎರಡೇ ಕಾರಣಕ್ಕೆ ಅವು ಮೂಲೆ ಸೇರಿರುತ್ತವೆ. ಇವೆರಡೂ ಬಹುಪಾಲು ಮನೆಯಲ್ಲೇ ಸರಿಹೋಗುವ ತೊಂದರೆಗಳು. ಕೆಲಸದ ಕ್ರಮ ತಪ್ಪಿದರೆ ಮಾತ್ರ ಮಾಡಿದ್ದನ್ನೆಲ್ಲ ಮತ್ತೆ ಮಾಡಬೇಕಾಗುತ್ತದೆ. ಹಲವು ವರ್ಷಗಳ ಹಿಂದೆ ಗೆಳೆಯನ ಗಿಟಾರ್ ಹಿಡಿದು ಕೂತಾಗ ನಾನು ಮೊದಲು ಸ್ಯಾಡಲ್ (ಮೈ ಮೇಲೆ ತಂತಿಗಳನ್ನು ಹೊರುವ ಮೂಳೆಯ ಪಟ್ಟಿ) ತೇಯ್ದೆ, ಆಮೇಲೆ ನೆಕ್ (ಗಿಟಾರಿನ ಉದ್ದ ಕತ್ತು) ನೆಟ್ಟಗೆ ಮಾಡಿದೆ. ನೆಕ್ ನೆಟ್ಟಗಾದ ಕೂಡಲೇ ತಂತಿಗಳೆಲ್ಲ ಫ್ರೆಟ್‌ಗಳ (ಕತ್ತಿನ ಮೇಲಿನ ಲೋಹದ ಅಡ್ಡ ಮೆಟ್ಟಿಲುಗಳ) ಮೇಲೆ ಮಲಗಿ ಝೇಂಕರಿಸತೊಡಗಿದವು. ತೇಯ್ದ ಮೂಳೆ ಮತ್ತೆ ಬೆಳೆಯುವುದಿಲ್ಲ, ಹೊಸ ಸ್ಯಾಡಲ್ಲೇ ಮಾಡಬೇಕಾಯಿತು. ಅಂದಿನಿಂದ ನನ್ನ ಕ್ರಮ ಒಂದೇ: ಮೊದಲು ಮೈ, ಆಮೇಲೆ ವಿದ್ಯುತ್ ಭಾಗ, ಆಮೇಲೆ ನೆಕ್, ನಟ್ (ತಲೆಯ ಕಡೆ ತಂತಿಗಳು ಕೂರುವ ಕಚ್ಚುಗಳ ಪಟ್ಟಿ), ಕೊನೆಗೆ ಸ್ಯಾಡಲ್. ವಿದ್ಯುತ್ ಭಾಗ ಎರಡನೆಯದಾಗಿ ಬರುವುದಕ್ಕೂ ಕಾರಣವಿದೆ, ಮುಂದೆ ಹೇಳುತ್ತೇನೆ.

ಕೈ ಹಾಕುವ ಮೊದಲು ಅಳತೆ

ತುಕ್ಕು ಹಿಡಿದಿದ್ದರೂ ಹಳೆಯ ತಂತಿಗಳನ್ನು ತಕ್ಷಣ ಬಿಚ್ಚಬೇಡಿ. ಮುರಿಯುವಂತಿಲ್ಲದಿದ್ದರೆ ನಿಧಾನವಾಗಿ ಶ್ರುತಿಗೆ ತಂದು ಅಳತೆ ತೆಗೆಯಿರಿ. ಆರು ತಂತಿಗಳು ಸೇರಿ ಸುಮಾರು 70 ಕೆ.ಜಿ. ಭಾರದಷ್ಟು ಬಲದಿಂದ ಗಿಟಾರನ್ನು ಎಳೆಯುತ್ತಿರುತ್ತವೆ. ಆ ಎಳೆತ ಇದ್ದಾಗ ಸಿಕ್ಕ ಅಳತೆಯೇ ನಿಜವಾದ ಅಳತೆ.

ಬರೆದುಕೊಳ್ಳಬೇಕಾದ್ದು ಮೂರು. 12ನೇ ಫ್ರೆಟ್‌ನ ನೆತ್ತಿಯಿಂದ ದಪ್ಪ ತಂತಿಯ ಅಡಿಗೆ ಎಷ್ಟು ಎತ್ತರ, ಅಲ್ಲೇ ಸಣ್ಣ ತಂತಿಗೆ ಎಷ್ಟು, ಬ್ರಿಡ್ಜ್‌ನ (ಹಲಗೆಗೆ ಅಂಟಿಸಿದ, ಸ್ಯಾಡಲ್ ಕೂರುವ ಮರದ ತುಂಡಿನ) ಮೇಲೆ ಸ್ಯಾಡಲ್ ಎಷ್ಟು ಹೊರಗೆ ಕಾಣುತ್ತದೆ. ಭಾವನ ಗಿಟಾರಿನಲ್ಲಿ ದಪ್ಪ ತಂತಿ 4.2 ಮಿ.ಮೀ. ಇತ್ತು. ಆರಾಮವಾಗಿ ನುಡಿಸಲು 2.4ರಿಂದ 2.6 ಸಾಕು, ಸಣ್ಣ ತಂತಿಗೆ 1.8ರಿಂದ 2.

ಸಾಮಾನು ಹೆಚ್ಚೇನೂ ಬೇಡ. ಅರ್ಧ ಮಿ.ಮೀ. ಗೆರೆಗಳಿರುವ ಉಕ್ಕಿನ ಸ್ಕೇಲು, ಅಲೆನ್ ಕೀ ಸೆಟ್, ಮಲ್ಟಿಮೀಟರ್, ಬೆಸುಗೆ ಕಡ್ಡಿ, ಸಣ್ಣ ಅರಗಳು, 120ರಿಂದ 600ರವರೆಗಿನ ಉಪ್ಪುಕಾಗದ, ಪುಟ್ಟ ಕನ್ನಡಿ, ಟಾರ್ಚ್. ಇದರ ಜೊತೆಗೆ ಒಂದು ಫೀಲರ್ ಗೇಜ್. ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಹೊಂದಿಸಲು ಬಳಸುತ್ತಾರಲ್ಲ, ಆ ತೆಳು ಎಲೆಗಳ ಕಟ್ಟು. ವಾಹನದ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ. ಜ್ಯಾಕ್ (ಕೇಬಲ್ ಚುಚ್ಚುವ ಕಿಂಡಿ), ಬ್ಯಾಟರಿ ಕ್ಲಿಪ್, ಕಾಂಟ್ಯಾಕ್ಟ್ ಕ್ಲೀನರ್ ನಾನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ತಂದೆ. ಎಲೆಕ್ಟ್ರಾನಿಕ್ಸ್ ಬಿಡಿಭಾಗ ಮಾರುವ ಯಾವ ಊರಿನ ಅಂಗಡಿಯಾದರೂ ಆದೀತು.

ಮೈ: ಬ್ರಿಡ್ಜ್ ಎದ್ದಿದೆಯೇ?

ಅಳತೆ ಆದ ಮೇಲೆ ತಂತಿಗಳನ್ನು ಪೂರ್ತಿ ಸಡಿಲಿಸಿ, ಆಮೇಲೆ ಬಿಚ್ಚಿ. ಬಿಗಿಯಾಗಿದ್ದಾಗಲೇ ಕತ್ತರಿಸಿದರೆ ತಂತಿ ಮುಖಕ್ಕೆ ಹಾರುತ್ತದೆ, ಹಲಗೆಗೂ ಪೆಟ್ಟು. ತಂತಿಯ ತುದಿಯನ್ನು ಬ್ರಿಡ್ಜ್‌ಗೆ ಹಿಡಿಸುವ ಪಿನ್ ಬಾರದಿದ್ದರೆ ಇಕ್ಕಳ ಹಾಕಬೇಡಿ. ಸೌಂಡ್‌ಹೋಲ್ (ಹಲಗೆಯ ನಡುವಿನ ತೂತು) ಒಳಗೆ ಕೈ ಇಳಿಸಿ ಒಂದು ರೂಪಾಯಿ ನಾಣ್ಯದ ಅಂಚಿನಿಂದ ಪಿನ್ನಿನ ತುದಿಯನ್ನು ಮೇಲಕ್ಕೆ ನೂಕಿದರೆ ಸುಲಭವಾಗಿ ಕಳಚುತ್ತದೆ.

ಈಗ ಬ್ರಿಡ್ಜ್‌ನ ಹಿಂಬದಿಯ ಅಂಚಿಗೆ ಮಾಮೂಲಿ ಕಾಗದದ ಚೂರೊಂದನ್ನು ತೂರಿಸಿ ನೋಡಿ. ಎಲ್ಲಿಯೂ ಒಳಹೋಗದಿದ್ದರೆ ನಿಮ್ಮ ಅದೃಷ್ಟ. ಭಾವನ ಗಿಟಾರಿನಲ್ಲಿ ಕಾಗದ ನಾಲ್ಕು ಮಿ.ಮೀ. ಒಳಗೆ ಹೋಗಿ ನಿಂತಿತು. ಮಲೆನಾಡಿನ ತೇವಕ್ಕೆ ಹಲಗೆ ಉಬ್ಬಿ, ಬೇಸಿಗೆಯ ಒಣ ಗಾಳಿಗೆ ಕುಗ್ಗಿ, ಇದರ ಮೇಲೆ ತಂತಿಗಳ ಎಳೆತವೂ ಸೇರಿ ಅಂಟು ಸೋತಿತ್ತು.

ಇಲ್ಲಿ ಜನ ಮಾಡುವ ಎರಡು ಕೆಲಸಗಳನ್ನು ದಯವಿಟ್ಟು ಮಾಡಬೇಡಿ. ಬಿರುಕಿಗೆ ಸೂಪರ್ ಗ್ಲೂ ಸುರಿಯುವುದು ಒಂದು, ಬ್ರಿಡ್ಜ್ ಮೇಲಿಂದ ಸ್ಕ್ರೂ ಹೊಡೆಯುವುದು ಇನ್ನೊಂದು. ಎರಡೂ ಮುಂದಿನ ರಿಪೇರಿಯನ್ನು ದುಬಾರಿ ಮಾಡುತ್ತವೆ. ಬ್ರಿಡ್ಜನ್ನು ಪೂರ್ತಿ ಬಿಡಿಸಿ, ಎರಡೂ ಮುಖದ ಹಳೆಯ ಅಂಟನ್ನು ಕೆರೆದು, ಬರಿ ಮರಕ್ಕೆ ಬರಿ ಮರ ಕೂಡಿಸಿ ಅಂಟಿಸುವುದೇ ಸರಿಯಾದ ದಾರಿ.

ಮೊದಲು ಕನ್ನಡಿ ಹಿಡಿದು ಒಳಗಡೆ ನೋಡಿ. ಎಷ್ಟೋ ಕಾರ್ಖಾನೆ ಗಿಟಾರುಗಳಲ್ಲಿ ಬ್ರಿಡ್ಜ್ ಮೇಲಿನ ಬಿಳಿ ಚುಕ್ಕೆಗಳ ಕೆಳಗೆ ಎರಡು ಬೋಲ್ಟ್ ಅಡಗಿರುತ್ತವೆ, ಅವನ್ನು ಬಿಚ್ಚದೆ ಬ್ರಿಡ್ಜ್ ಬರುವುದಿಲ್ಲ. ಸ್ಯಾಡಲ್ ತೆಗೆದು, ಅದರಡಿಯ ಪೀಜೋ ಪಟ್ಟಿಯನ್ನೂ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಟ್ಟಿ) ಬಿಡಿಸಿ ಸುರಕ್ಷಿತವಾಗಿ ಇಡಿ. ತೆಳು ಉಕ್ಕಿನ ಪಟ್ಟಿಯನ್ನು ಬಿಸಿ ಮಾಡಿ ಹಿಂಬದಿಯಿಂದ ನಿಧಾನಕ್ಕೆ ತೂರಿಸುತ್ತಾ ಹೋಗಿ. ಅಂಟು ಮೆತ್ತಗಾಗುವುದು ಕೈಗೆ ಗೊತ್ತಾಗುತ್ತದೆ. ಮರದ ಎಳೆ ಕಿತ್ತು ಬರುತ್ತಿದೆ ಅನಿಸಿದರೆ ನಿಲ್ಲಿಸಿ ಮತ್ತೆ ಬಿಸಿ ಮಾಡಿ. ನನಗೆ ಇದೊಂದಕ್ಕೇ ನಲವತ್ತು ನಿಮಿಷ ಬೇಕಾಯಿತು.

ಅಂಟಿಸಲು ಮರಗೆಲಸದ ಹಳದಿ ಅಂಟು ಸಿಕ್ಕರೆ ಒಳ್ಳೆಯದು. ಮಾಮೂಲಿ ಬಿಳಿ ಅಂಟು ಬಿಸಿಯಲ್ಲಿ ಮೆತ್ತಗಾಗಿ, ಎಳೆತಕ್ಕೆ ಕೂದಲೆಳೆಯಷ್ಟು ಜಾರುತ್ತಾ ಹೋಗುತ್ತದೆ. ಹಿಂದಿನ ಬಡಗಿಗಳು ಕಾಯಿಸಿ ಹಚ್ಚುತ್ತಿದ್ದ ಪ್ರಾಣಿಜನ್ಯ ಅಂಟು ಇವತ್ತಿಗೂ ವಾದ್ಯಗಳಿಗೆ ಶ್ರೇಷ್ಠ, ಆದರೆ ಅದಕ್ಕೆ ಕೈ ಪಳಗಿರಬೇಕು. ಒಳಗೊಂದು ಮರದ ತುಂಡು ಕೊಟ್ಟು, ಸೌಂಡ್‌ಹೋಲ್ ಮೂಲಕ ಕ್ಲ್ಯಾಂಪ್ ಹಾಕಿ, ಹೊರಬಂದ ಅಂಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. 24 ಗಂಟೆ ಕ್ಲ್ಯಾಂಪ್ ಮುಟ್ಟಬೇಡಿ, ಬಿಚ್ಚಿದ ಮೇಲೂ ಎರಡು ದಿನ ತಂತಿ ಹಾಕಬೇಡಿ.

ಹಲಗೆಯನ್ನು ಬೆರಳ ಗೆಣ್ಣಿನಿಂದ ಎಲ್ಲೆಡೆ ತಟ್ಟಿಯೂ ನೋಡಿ. ಒಂದು ಕಡೆ ಗಿಲಕಿಯಂತೆ ಸದ್ದು ಬಂದರೆ ಹಲಗೆಗೆ ಆಸರೆಯಾಗಿ ಒಳಗೆ ಅಂಟಿಸಿದ ಮರದ ಪಟ್ಟಿ ಬಿಟ್ಟಿದೆ ಎಂದರ್ಥ. ಮೊಬೈಲನ್ನು ಸೆಲ್ಫಿ ಕ್ಯಾಮೆರಾದಲ್ಲಿ ವಿಡಿಯೋಗೆ ಹಾಕಿ, ಟಾರ್ಚಿನ ಜೊತೆ ಒಳಗಿಟ್ಟರೆ ಎಲ್ಲಿ ಬಿಟ್ಟಿದೆ ಎಂದು ಕಾಣುತ್ತದೆ. ಆ ಸಂದಿಗೆ ಅಂಟು ತುಂಬಿ ಒಳಗಿನಿಂದ ಊರುಗೋಲು ಕೊಟ್ಟು ಒಣಗಿಸಿದರೆ ಸಾಕು. ನೆಕ್ ಮೈಗೆ ಸೇರುವ ಜಾಗದಲ್ಲಿ ಸಂದಿ ಬಿಟ್ಟಿದ್ದರೆ ಮಾತ್ರ ಅನುಭವಿ ಕುಶಲಕರ್ಮಿಯ ಕೈಗೆ ಕೊಡಿ.

ಪ್ಲಗ್ ಹಾಕಿದರೂ ಸದ್ದಿಲ್ಲವೇ?

ಅಡುಗೆಮನೆಯ ಗ್ಯಾಸ್ ಲೈಟರ್ ಟಿಕ್ ಎಂದಾಗ ಕಿಡಿ ಬರುವುದು ಒಳಗಿನ ಹರಳಿನ ಮೇಲೆ ಪೆಟ್ಟು ಬೀಳುವುದರಿಂದ. ಒತ್ತಡಕ್ಕೆ ವಿದ್ಯುತ್ ಹುಟ್ಟಿಸುವ ಈ ಗುಣವನ್ನು ಕ್ಯೂರಿ ಸಹೋದರರು 1880ರಲ್ಲಿ ತೋರಿಸಿಕೊಟ್ಟರು. ಗಿಟಾರಿನ ಸ್ಯಾಡಲ್ ಕೆಳಗಿನ ಪೀಜೋ ಪಟ್ಟಿಯೂ ಅದೇ ಜಾತಿ. ತಂತಿಯ ಕಂಪನ ಸ್ಯಾಡಲ್ ಮೂಲಕ ಅದನ್ನು ಒತ್ತುತ್ತದೆ, ಅದು ಸಣ್ಣ ವಿದ್ಯುತ್ತನ್ನು ಕೊಡುತ್ತದೆ. ಆ ಸಂಕೇತ ತೀರಾ ನಾಜೂಕು, ಹಾಗಾಗಿ ಪಕ್ಕೆಯ ಪ್ರೀಆಂಪ್ 9 ವೋಲ್ಟ್ ಬ್ಯಾಟರಿಯ ಬಲದಲ್ಲಿ ಅದನ್ನು ಕೇಬಲ್ ದಾಟಿಸಿ ಕಳಿಸುತ್ತದೆ. ಇಂಥ ಗಿಟಾರುಗಳನ್ನು ಮೊದಲಿಗೆ ಜನಪ್ರಿಯಗೊಳಿಸಿದವರಲ್ಲಿ ಅಮೆರಿಕದ ಓವೇಶನ್ ಕಂಪನಿ ಮುಖ್ಯ. 1966ರಲ್ಲಿ ಅದನ್ನು ಕಟ್ಟಿದ ಚಾರ್ಲ್ಸ್ ಕಾಮನ್ ಹೆಲಿಕಾಪ್ಟರ್ ತಯಾರಕ.

ಹುಡುಕಾಟ ಸುಲಭದ್ದರಿಂದ ಶುರುವಾಗಲಿ. ಬ್ಯಾಟರಿ ಗೂಡು ತೆರೆಯಿರಿ. ವರ್ಷಗಟ್ಟಲೆ ಬಿಟ್ಟ ಬ್ಯಾಟರಿ ಸೋರಿ, ಕ್ಲಿಪ್ಪಿನ ಮೇಲೆ ಹಸಿರು-ಬಿಳಿ ಹಿಟ್ಟು ಕಟ್ಟಿರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಉಜ್ಜಿ. ತಂತಿಯ ಪ್ಲಾಸ್ಟಿಕ್ ಸುಲಿದಾಗ ಒಳಗಿನ ತಾಮ್ರ ಕಪ್ಪಾಗಿದ್ದರೆ ಉಜ್ಜುತ್ತಾ ಕೂರಬೇಡಿ, ಕ್ಲಿಪ್ ಬದಲಿಸಿ. ಬಹಳ ಅಗ್ಗದ ವಸ್ತು.

ಮುಂದಿನದು ಜ್ಯಾಕ್. ಬಹುಪಾಲು ಗಿಟಾರುಗಳಲ್ಲಿ ಇದು ಸ್ಟೀರಿಯೊ ಜ್ಯಾಕ್, ಅಂದರೆ ಮೂರು ಕಾಲುಗಳದ್ದು. ತುದಿಯ ಕಾಲಿಗೆ ಪ್ರೀಆಂಪಿನಿಂದ ಬರುವ ಸಂಕೇತ, ನಡುವಿನ ಉಂಗುರದ ಕಾಲಿಗೆ ಬ್ಯಾಟರಿಯ ಕಪ್ಪು ತಂತಿ, ಹೊರಕವಚದ ಕಾಲಿಗೆ ಗ್ರೌಂಡ್. ನೀವು ಮಾಮೂಲಿ ಮೋನೋ ಕೇಬಲ್ ಚುಚ್ಚಿದಾಗ ಅದರ ಉದ್ದ ಕವಚ ಉಂಗುರವನ್ನೂ ಗ್ರೌಂಡನ್ನೂ ಕೂಡಿಸಿ ಬ್ಯಾಟರಿಯನ್ನು ಚಾಲೂ ಮಾಡುತ್ತದೆ. ಪ್ಲಗ್ಗೇ ಸ್ವಿಚ್ಚು. ಕೇಬಲ್ ಚುಚ್ಚಿಟ್ಟು ಮಲಗಿದರೆ ಬೆಳಗಾಗುವಷ್ಟರಲ್ಲಿ ಬ್ಯಾಟರಿ ಅಷ್ಟಷ್ಟು ಸವೆದಿರುತ್ತದೆ, ಅದಕ್ಕೇ ನುಡಿಸಿದ ಮೇಲೆ ಕೇಬಲ್ ಕಿತ್ತಿಡಬೇಕು.

ಭಾವನ ಗಿಟಾರಿನ ಮೌನಕ್ಕೆ ಕಾರಣ ಇಲ್ಲೇ ಇತ್ತು. ಜ್ಯಾಕಿನ ನಟ್ಟು ಸಡಿಲವಾಗಿ, ಯಾರೋ ಹೊರಗಿನಿಂದ ತಿರುಗಿಸುತ್ತಲೇ ಹೋಗಿದ್ದರು. ಒಳಗೆ ಜ್ಯಾಕ್ ಪೂರ್ತಿ ಸುತ್ತಿ, ಉಂಗುರದ ಕಾಲಿನ ಕಪ್ಪು ತಂತಿ ಬೆಸುಗೆಯಲ್ಲೇ ಮುರಿದಿತ್ತು. ಕನ್ನಡಿಯಲ್ಲಿ ನೋಡಿದಾಗ ಆ ತಂತಿಯ ತುದಿ ಜೇಡರ ಬಲೆಗೆ ಸಿಕ್ಕಿ ನೇತಾಡುತ್ತಿತ್ತು. ಸುಲಿದು, ತವರ ಹತ್ತಿಸಿ, ಬೆಸೆದೆ. ಹೊಸ ಬ್ಯಾಟರಿ ಹಾಕಿ ಕೇಬಲ್ ಚುಚ್ಚಿ ಖಾಲಿ ಬ್ರಿಡ್ಜನ್ನು ಬೆರಳಿನಿಂದ ತಟ್ಟಿದರೆ ಆಂಪ್ಲಿಫೈಯರ್‌ನಿಂದ ಧಪ್ ಧಪ್ ಎಂದು ಕೇಳಿತು. ಅಂದು ರಾತ್ರಿ ಭಾವನಿಗೆ ಫೋನ್ ಮಾಡಿ ಆ ಸದ್ದನ್ನೇ ಕೇಳಿಸಿದೆ. ಜ್ಯಾಕ್ ಬಿಗಿ ಮಾಡುವಾಗ ಒಳಗಿನ ಭಾಗ ಸುತ್ತದಂತೆ ಹಿಡಿದುಕೊಂಡೇ ಹೊರಗಿನ ನಟ್ಟು ತಿರುಗಿಸಿ.

ತಂತಿಗಳೆಲ್ಲ ಸರಿಯಿದ್ದು ಗುಂಡಿ ಜಾರಿಸಿದಾಗ ಕರಕರ ಎಂದರೆ, ಬ್ಯಾಟರಿ ತೆಗೆದು, ಗುಂಡಿಯ ಸಂದಿಗೆ ಕಾಂಟ್ಯಾಕ್ಟ್ ಕ್ಲೀನರ್ ಚಿಮುಕಿಸಿ ಇಪ್ಪತ್ತು ಸಲ ಮೇಲೆ ಕೆಳಗೆ ಓಡಾಡಿಸಿ. ಇಷ್ಟಾದರೂ ಸದ್ದಿಲ್ಲವೆಂದರೆ ಪೀಜೋ ಪಟ್ಟಿಯನ್ನು ಪ್ರೀಆಂಪಿನಿಂದ ಬಿಡಿಸಿ ಅದರ ಎರಡು ತುದಿಗಳ ನಡುವೆ ಮಲ್ಟಿಮೀಟರ್ ಇಡಿ. ಓಮ್ಸ್ ಸೊನ್ನೆಯ ಹತ್ತಿರ ತೋರಿಸಿದರೆ ಒಳಗೆ ಶಾರ್ಟ್ ಆಗಿದೆ, ಬದಲಿಸಬೇಕು. ಹೊಸ ಪಟ್ಟಿಯ ದಪ್ಪ ಹಳೆಯದಕ್ಕಿಂತ ಬೇರೆಯಾದರೆ ಅದರ ಮೇಲೆ ಕೂರುವ ಸ್ಯಾಡಲ್ಲಿನ ಎತ್ತರವೂ ಬದಲಾಗುತ್ತದೆ. ಸ್ಯಾಡಲ್ ತೇಯುವ ಮೊದಲೇ ವಿದ್ಯುತ್ ಕೆಲಸ ಮುಗಿಸಿ ಎಂದದ್ದು ಇದಕ್ಕೇ.

ಒಂದು ಎಚ್ಚರಿಕೆ. ಗಣೇಶನ ಪೆಂಡಾಲ್‌ಗಳಲ್ಲಿ, ಹಳೆಯ ವೈರಿಂಗ್ ಇರುವ ಮನೆಗಳಲ್ಲಿ ಅರ್ತಿಂಗ್ ಇಲ್ಲದ ಆಂಪ್ಲಿಫೈಯರ್‌ಗೆ ಗಿಟಾರ್ ಜೋಡಿಸಬೇಡಿ. ಮೂರು ಪಿನ್ನಿನ ಪ್ಲಗ್‌ನಲ್ಲಿ ಅರ್ತ್ ಪಿನ್ ಕತ್ತರಿಸಿದ್ದರೆ ಅಂಥ ಆಂಪ್ ಮುಟ್ಟಲೇಬೇಡಿ.

ನೆಕ್: ಕಾಲು ಸುತ್ತು, ಒಂದು ರಾತ್ರಿ

ಹೊಸ ತಂತಿ ಹಾಕುವ ಮೊದಲು ಫಿಂಗರ್‌ಬೋರ್ಡ್ (ಫ್ರೆಟ್‌ಗಳು ಕೂತಿರುವ ಮರದ ಪಟ್ಟಿ) ಒರೆಸಿಕೊಳ್ಳಿ. ಹಳೆಯ ಗಿಟಾರುಗಳಲ್ಲಿ ಫಿಂಗರ್‌ಬೋರ್ಡ್, ಬ್ರಿಡ್ಜ್ ಎರಡೂ ಸಾಮಾನ್ಯವಾಗಿ ಬೀಟೆಯವು. ಬ್ರೆಜಿಲ್‌ನ ಬೀಟೆ ಸಿಗುವುದು ಕಷ್ಟವಾದಾಗ ಅಮೆರಿಕದ ಮಾರ್ಟಿನ್ ಕಂಪನಿ 1969ರ ಹೊತ್ತಿಗೆ ಭಾರತದ ಬೀಟೆಗೆ ಬಂತು, ನಮ್ಮ ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಅದೇ ಜಾತಿಗೆ. ಅಟ್ಟದ ಮೇಲಿನ ಗಿಟಾರಿನ ಕೊಳೆ ಒರೆಸಿದಾಗ ಆ ನೇರಳೆ-ಕಂದು ಗೆರೆಗಳು ಎದ್ದು ಬರುವುದನ್ನು ನೋಡುವುದೇ ಒಂದು ಸುಖ. ಅದಕ್ಕೆ ಕೊಬ್ಬರಿ ಎಣ್ಣೆ ಬಳಿಯಬೇಡಿ, ಕಮಟು ಹಿಡಿದು ಅಂಟಾಗುತ್ತದೆ. ಮೆಡಿಕಲ್ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಎರಡು ಹನಿ ಬಟ್ಟೆಗೆ ಹಾಕಿ ಸವರಿ, ಹತ್ತು ನಿಮಿಷ ಬಿಟ್ಟು ಒಣಬಟ್ಟೆಯಿಂದ ಒರೆಸಿದರೆ ಸಾಕು.

ಹಳೆಯ ಗಿಟಾರಿಗೆ 12ರ ಬದಲು 11ರಿಂದ ಶುರುವಾಗುವ (ಈ ಸಂಖ್ಯೆ ಸಣ್ಣ ತಂತಿಯ ದಪ್ಪ ಹೇಳುತ್ತದೆ) ತೆಳು ತಂತಿಗಳ ಸೆಟ್ ಹಾಕಿ, ಮೈ ಮೇಲಿನ ಎಳೆತ ಕಡಿಮೆಯಾಗುತ್ತದೆ. ನೈಲಾನ್ ತಂತಿಯ ಗಿಟಾರಿಗೆ ಮಾತ್ರ ಉಕ್ಕಿನ ತಂತಿ ಹಾಕಲೇಬಾರದು.

ಶ್ರುತಿಗೆ ತಂದ ಮೇಲೆ 1ನೇ ಫ್ರೆಟ್‌ಗೆ ಕೇಪೋ (ಎಲ್ಲ ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿ, ದಪ್ಪ ತಂತಿಯನ್ನು ನೆಕ್ ಮೈಗೆ ಸೇರುವ ಫ್ರೆಟ್‌ನಲ್ಲಿ ಒತ್ತಿ ಹಿಡಿಯಿರಿ, ಸಾಮಾನ್ಯವಾಗಿ ಅದು 14ನೆಯದು. ಈಗ ತಂತಿಯೇ ನೇರ ಪಟ್ಟಿ. ನಡುವೆ 7ನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ಇರುವ ಸಂದಿಯನ್ನು ಫೀಲರ್ ಗೇಜ್‌ನಿಂದ ಅಳೆಯಿರಿ. 0.2ರಿಂದ 0.3 ಮಿ.ಮೀ. ಇರಬೇಕು. ತಂತಿ ಕಂಪಿಸಲು ಅಷ್ಟು ಬಾಗು ಬೇಕೇ ಬೇಕು. ಭಾವನ ಗಿಟಾರಿನಲ್ಲಿ 0.6 ಇತ್ತು.

ನೆಕ್ ಒಳಗಿನ ಉಕ್ಕಿನ ಟ್ರಸ್ ರಾಡ್ ಇದನ್ನು ಸರಿಪಡಿಸುತ್ತದೆ. ಅದರ ನಟ್ಟು ತಲೆಯ ಕಡೆ ಪುಟ್ಟ ಮುಚ್ಚಳದ ಕೆಳಗೋ ಸೌಂಡ್‌ಹೋಲ್ ಒಳಗೋ ಇರುತ್ತದೆ. ಸಂದಿ ಜಾಸ್ತಿಯಿದ್ದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ಬಿಗಿ ಮಾಡಿ, ಸಂದಿಯೇ ಇಲ್ಲದಿದ್ದರೆ ಸಡಿಲಿಸಿ. ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ಮತ್ತೆ ಶ್ರುತಿ ಮಾಡಿ, ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಅಳೆಯಿರಿ. ಅಲೆನ್ ಕೀ ಸರಿಯಾದ ಗಾತ್ರದ್ದೇ ಇರಲಿ, ಸಡಿಲವಾದ ಕೀ ನಟ್ಟಿನ ಒಳಮೂಲೆಗಳನ್ನು ತಿಂದುಹಾಕುತ್ತದೆ. ಕೈಬಲಕ್ಕೆ ಜಗ್ಗದಿದ್ದರೆ ಪೈಪ್ ಹಾಕಿ ತಿರುಗಿಸಬೇಡಿ. ರಾಡ್ ಮುರಿದರೆ ಫಿಂಗರ್‌ಬೋರ್ಡೇ ಕಿತ್ತು ತೆಗೆಯಬೇಕಾಗುತ್ತದೆ. ನನಗೆ ಮೂರು ರಾತ್ರಿಗಳಲ್ಲಿ ಮುಕ್ಕಾಲು ಸುತ್ತು ಬೇಕಾಯಿತು, ಸಂದಿ 0.25ಕ್ಕೆ ಬಂತು.

ತಲೆಯ ಕಡೆ ತಂತಿ ಹೊರುವ ನಟ್ ಬೇಗ ಮುಗಿಯುವ ಕೆಲಸ. ಪ್ರತಿ ತಂತಿಯನ್ನು 3ನೇ ಫ್ರೆಟ್‌ನಲ್ಲಿ ಒತ್ತಿದಾಗ 1ನೇ ಫ್ರೆಟ್ ಮೇಲೆ ಕಾಗದದ ದಪ್ಪದ ಸಂದಿ ಕಂಡರೆ ಸರಿ. ಅದಕ್ಕಿಂತ ಜಾಸ್ತಿಯಿದ್ದರೆ ಎಫ್ ಕಾರ್ಡ್ (ಹಲವು ತಂತಿ ಒಟ್ಟಿಗೆ ಒತ್ತಿ ನುಡಿಸುವ ಸ್ವರಗುಚ್ಛ) ಹಿಡಿಯುವಾಗ ಕೈ ನೋಯುತ್ತದೆ, ಶ್ರುತಿಯೂ ಏರುತ್ತದೆ. ಸಣ್ಣ ಅರದಿಂದ ತಲೆಯ ಕಡೆಗೆ ಇಳಿಜಾರಾಗಿ ಎರಡೆರಡೇ ಸಲ ಉಜ್ಜಿ ನೋಡಿ. ಬಿರಡೆ ತಿರುಗಿಸುವಾಗ ಟಿಂಕ್ ಎಂಬ ಸದ್ದು ಬಂದರೆ ಆ ಕಚ್ಚಿನಲ್ಲಿ ತಂತಿ ಸಿಕ್ಕಿಕೊಳ್ಳುತ್ತಿದೆ, ಪೆನ್ಸಿಲ್ ಸೀಸ ತಿಕ್ಕಿ.

ಕೊನೆಗೆ ಸ್ಯಾಡಲ್

ವೀಣೆಯಲ್ಲಾದರೆ ತಂತಿ ಹೊರುವ ಕುದುರೆ ಹಲಗೆಯ ಮೇಲೆ ಕೂತಿರುತ್ತದೆ, ಮೆಟ್ಟಿಲುಗಳು ಮೇಣದಲ್ಲಿರುತ್ತವೆ, ಮೇಣ ಕರಗಿಸಿ ಮೆಟ್ಟಿಲನ್ನೇ ಸರಿಸಬಹುದು. ಗಿಟಾರಿನ ಫ್ರೆಟ್ ಬೋರ್ಡಿಗೆ ಹೂತುಹೋಗಿರುತ್ತದೆ. ನೆಕ್, ನಟ್ ಸರಿಯಾದ ಮೇಲೆ ಎತ್ತರ ಹೊಂದಿಸಲು ಉಳಿಯುವುದು ಸ್ಯಾಡಲ್ ಒಂದೇ.

ಬ್ರಿಡ್ಜ್ ಅಂಟಿಸಿ, ನೆಕ್ ಸರಿಮಾಡಿದ ಮೇಲೆ ನಮ್ಮ 4.2 ಮಿ.ಮೀ. 3.7ಕ್ಕೆ ಇಳಿದಿತ್ತು. ಬೇಕಾದ್ದು 2.5, ಅಂದರೆ 1.2 ಇಳಿಸಬೇಕು. 12ನೇ ಫ್ರೆಟ್ ತಂತಿಯ ಸರಿಯಾದ ನಡುಭಾಗ, ಹಾಗಾಗಿ ಅಲ್ಲಿ ಒಂದು ಪಾಲು ಇಳಿಯಬೇಕಾದರೆ ಸ್ಯಾಡಲ್‌ನಲ್ಲಿ ಎರಡು ಪಾಲು ಹೋಗಬೇಕು. 1.2ಕ್ಕೆ 2.4 ಮಿ.ಮೀ. ಸ್ಯಾಡಲ್ 5 ಮಿ.ಮೀ. ಹೊರಗಿತ್ತು, 2.6 ಉಳಿಯುತ್ತದೆ, ಪರವಾಗಿಲ್ಲ. ತೇಯ್ದ ಮೇಲೆ ಒಂದೂವರೆಗಿಂತ ಕಡಿಮೆ ಉಳಿಯುವಂತಿದ್ದರೆ ತೇಯಬೇಡಿ. ತಂತಿ ಸ್ಯಾಡಲ್ ಮೇಲೆ ಚೆನ್ನಾಗಿ ಒತ್ತಿ ಕೂರದೆ ದನಿ ಸಪ್ಪೆಯಾಗುತ್ತದೆ. ಅಂಥ ಗಿಟಾರಿಗೆ ನೆಕ್ಕಿನ ಕೋನವನ್ನೇ ತಿದ್ದಬೇಕು.

ತೇಯುವುದು ಅಡಿಯಿಂದ. ಕಿಟಕಿ ಗಾಜಿನ ತುಂಡಿಗೆ 120ರ ಉಪ್ಪುಕಾಗದ ಅಂಟಿಸಿ, ಸ್ಯಾಡಲ್‌ಗೆ ಪೆನ್ಸಿಲ್ ಗೆರೆ ಎಳೆದು, ಅದನ್ನು ಲಂಬವಾಗಿ ಹಿಡಿದು ತಿಕ್ಕಿ. ಗೆರೆಗಿಂತ 0.2 ಮಿ.ಮೀ. ಮೊದಲೇ ನಿಲ್ಲಿಸಿ, ಹಾಕಿ ನೋಡಿ, ಮತ್ತೆ ತೆಗೆಯಿರಿ. ಇಲ್ಲಿ ಪೀಜೋ ಇರುವ ಗಿಟಾರಿಗೆ ಒಂದು ವಿಶೇಷವಿದೆ: ಸ್ಯಾಡಲ್‌ನ ಅಡಿ ತೀರಾ ಸಮತಟ್ಟಾಗಿರಬೇಕು. ಎಲ್ಲಿ ಸಂದಿ ಬಿಡುತ್ತದೋ ಆ ತಂತಿಯ ದನಿ ಆಂಪ್‌ನಲ್ಲಿ ಕುಂದುತ್ತದೆ. ನಮ್ಮದರಲ್ಲಿ ಸಣ್ಣ ತಂತಿ ಕೇಳಿಸುತ್ತಲೇ ಇರಲಿಲ್ಲ. ಸ್ಯಾಡಲ್ ಅಡಿಗೆ ಸೀಮೆಸುಣ್ಣ ಬಳಿದು ಬರಿ ಗಾಜಿನ ಮೇಲೆ ಒಂದು ಸಲ ಎಳೆದೆ. ನಡುವೆ ಸುಣ್ಣ ಅಳಿಸಿತ್ತು, ಎರಡು ತುದಿಗಳಲ್ಲಿ ಹಾಗೇ ಉಳಿದಿತ್ತು. ಅಂದರೆ ನಡು ಉಬ್ಬಿದೆ, ತುದಿ ಗಾಳಿಯಲ್ಲಿದೆ. 400ರ ಕಾಗದದಲ್ಲಿ ಸುಣ್ಣ ಎಲ್ಲೆಡೆ ಸಮನಾಗಿ ಅಳಿಯುವವರೆಗೆ ತಿಕ್ಕಿದೆ, ಪೀಜೋ ಕೂರುವ ಕಾಲುವೆಯ ಧೂಳನ್ನು ಒಣ ಬ್ರಷ್‌ನಿಂದ ತೆಗೆದೆ. ಆರೂ ತಂತಿ ಸಮನಾಗಿ ಕೇಳಿದವು. ಪೀಜೋ ಪಟ್ಟಿ ಕೆಟ್ಟಿದೆ ಎಂದು ಹೊಸದು ಕೊಳ್ಳುವ ಮೊದಲು ಈ ಸುಣ್ಣದ ಪರೀಕ್ಷೆ ಮಾಡಿಯೇ ಮಾಡಿ.

ಕೊನೆಗೆ ಟ್ಯೂನರ್ ಹಚ್ಚಿ, 12ನೇ ಫ್ರೆಟ್ ಮೇಲೆ ತಂತಿಯನ್ನು ಬರಿದೆ ಸೋಕಿಸಿ ಬರುವ ಹಾರ್ಮೋನಿಕ್ ಸ್ವರವನ್ನೂ ಅಲ್ಲೇ ಒತ್ತಿ ನುಡಿಸಿದ ಸ್ವರವನ್ನೂ ಹೋಲಿಸಿ. ಒತ್ತಿದ್ದು ಏರಿದ್ದರೆ ಆ ತಂತಿ ಸ್ಯಾಡಲ್ ಮೇಲೆ ಕೂರುವ ಬಿಂದುವನ್ನು ಅರದಿಂದ ಹಿಂದಕ್ಕೆ ಸರಿಸಬೇಕು, ಇಳಿದಿದ್ದರೆ ಮುಂದಕ್ಕೆ. ಸ್ಯಾಡಲ್ ದಪ್ಪವೇ ಸುಮಾರು 3 ಮಿ.ಮೀ., ಹಾಗಾಗಿ ಅವಕಾಶ ಕಡಿಮೆ. ತಂತಿ ಹಳೆಯದಿದ್ದರೆ ಈ ಪರೀಕ್ಷೆಯನ್ನೇ ನಂಬಬೇಡಿ.

ಮಳೆಗಾಲಕ್ಕೊಂದು, ಬೇಸಿಗೆಗೊಂದು

ಮರಕ್ಕೆ ಹಿತವಾದ ತೇವಾಂಶ 45ರಿಂದ 55 ಪ್ರತಿಶತ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡು, ಕರಾವಳಿಯಲ್ಲಿ ಅದು ಎಷ್ಟೋ ಮೇಲಿರುತ್ತದೆ. ಹಲಗೆ ಉಬ್ಬಿ ತಂತಿ ಎತ್ತರವಾಗುತ್ತದೆ. ಕಲಬುರಗಿ, ಬಳ್ಳಾರಿಯ ಏಪ್ರಿಲ್‌ನಲ್ಲಿ ತಿರುಗುಮುರುಗು: ಬೋರ್ಡ್ ಕುಗ್ಗಿ ಫ್ರೆಟ್‌ಗಳ ತುದಿ ಹೊರಬಂದು ಅಂಗೈ ಗೀರುತ್ತದೆ. ಹಾಗಾಗಿ ಈ ಇಡೀ ಕೆಲಸಕ್ಕೆ ಅಕ್ಟೋಬರ್-ನವೆಂಬರ್ ನನಗೆ ಸರಿಯೆನಿಸುತ್ತದೆ. ಮಳೆಗಾಲದಲ್ಲಿ ಅಳತೆ ಮಾಡಿ ಸ್ಯಾಡಲ್ ತೇಯ್ದರೆ ಮಾರ್ಚ್‌ನಲ್ಲಿ ಝೇಂಕಾರ ಖಾತ್ರಿ. ಮಳೆಯ ಊರಿನವರು ಎರಡು ಸ್ಯಾಡಲ್ ಮಾಡಿಟ್ಟುಕೊಳ್ಳಬಹುದು, ಮಳೆಗಾಲಕ್ಕೆ ಗಿಡ್ಡದು, ಬೇಸಿಗೆಗೆ ಎತ್ತರದ್ದು. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ, ಜೊತೆಗೆ ತೇವಾಂಶ ತೋರಿಸುವ ಪುಟ್ಟ ಡಿಜಿಟಲ್ ಮೀಟರ್ ಇರಲಿ. ನುಡಿಸದ ದಿನಗಳಲ್ಲಿ ಬ್ಯಾಟರಿ ಹೊರಗಿರಲಿ.

ಎಲ್ಲ ಮುಗಿದ ಮೇಲೆ ಒಂದು ವಾರ ನುಡಿಸಿ, ಮತ್ತೆ ಅಳೆಯಿರಿ. ಹೊಸ ಎಳೆತಕ್ಕೆ ಮರ ಒಗ್ಗಿಕೊಳ್ಳಲು ಅಷ್ಟು ದಿನ ಬೇಕು. ಭಾವನ ಗಿಟಾರ್ ಏಳನೆಯ ದಿನ 2.6 ತೋರಿಸಿತು. ನೆಕ್ಕಿನ ಸಂದಿ 0.25ರಲ್ಲೇ ಇತ್ತು. ಸಂಕ್ರಾಂತಿಗೆ ಸಾಗರಕ್ಕೆ ಒಯ್ದಾಗ ಎತ್ತರದ ಸ್ಯಾಡಲ್ ಅದರಲ್ಲಿತ್ತು, ಗಿಡ್ಡದನ್ನು ಪುಟ್ಟ ಲಕೋಟೆಯಲ್ಲಿ ಹಾಕಿ "ಜೂನ್" ಎಂದು ಬರೆದು ಚೀಲದ ಜೇಬಿನಲ್ಲಿಟ್ಟಿದ್ದೇನೆ.